ತಾಯಿ ಕಾರ್ಡಿನ ಜೊತೆಗಿದ್ದ ಕಾಗದ

ಪಿರಿಯಾಪಟ್ಟಣ
೮ ಜನವರಿ ೨೦೨೬

ಯಜಮಾನರಿಗೆ ರೂಪಶ್ರೀಯ ನಮಸ್ಕಾರ.

ಮೊದಲು ‘ಪ್ರೀತಿಯ’ ಅಂತ ಬರೆದಿದ್ದೆ, ಹೊಡೆದುಹಾಕಿದೆ. ಚೆನ್ನಾಗಿದ್ದೀರಾ? ಜಮ್ಮುವಿನ ಚಳಿಗೆ ಮಂಡಿನೋವು ಹೆಚ್ಚಾಗಿರಬೇಕು, ಎಣ್ಣೆ ಹಚ್ಚಿಕೊಳ್ಳಿ. ಕೋಪ ಬಂತು ಅಂತ ನಿಮ್ಮ ಮಂಡಿಯನ್ನು ಮರೆಯೋಕಾಗುತ್ತಾ. ದೊಡ್ಡವಳ ಮುಂದಿನ ಹಲ್ಲು ಬಿದ್ದಿದೆ. ಚಿಕ್ಕವಳು ಅಂಗನವಾಡಿಯಲ್ಲಿ ನಮ್ಮಪ್ಪ ಮಿಲಿಟ್ರಿ ಅಂತ ಹೇಳಿಕೊಂಡು ಎರಡೆರಡು ಮೊಟ್ಟೆ ತಿಂದು ಬರುತ್ತಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇಷ್ಟವಿಲ್ಲದ ಮಾತು ಬಂದ ಕೂಡಲೇ ನಿಮ್ಮ ಕಡೆ ಸಿಗ್ನಲ್ ಹೋಗಿಬಿಡುತ್ತದೆ.

ಮಂಗಳಗೌರಿ ಮೇಡಂ ನಾಟಕಕ್ಕೆ ಸೇರಿದ್ದೇನೆ ಅಂದಿದ್ದೆನಲ್ಲ. ಬೈಲಕುಪ್ಪೆಯ ಟಿಬೆಟಿನವಳು ಡೋಲ್ಕರ್, ಅಂತರಸಂತೆ ಕಡೆ ಕಾಡಂಚಿನ ಹಾಡಿಯ ಪುಟ್ಟಿ, ಎಚ್.ಡಿ. ಕೋಟೆಯಲ್ಲಿ ನರ್ಸಾಗಿದ್ದ ಮಲಯಾಳಿ ಲಿಸಿ, ಜೊತೆಗೆ ನಾನು. ಹೆರುವುದು, ಹೆರದಿರುವುದು, ಅದನ್ನು ಯಾರು ತೀರ್ಮಾನ ಮಾಡಿದರು ಅನ್ನುವುದೇ ನಾಟಕ. ಅವರವರ ಭಾಷೆಯಲ್ಲಿ ಅವರವರ ಕಥೆ. ಎಲ್ಲರೂ ಬಸುರಿಯಲ್ಲಿ ಆಸ್ಪತ್ರೆಯವರು ಕೊಟ್ಟ ತಾಯಿ ಕಾರ್ಡ್ ತನ್ನಿ, ಅದನ್ನು ಹಿಡಿದೇ ಮಾತಾಡಿ ಅಂದರು ಮೇಡಂ. ಬೀರುವಿನಿಂದ ಚಿಕ್ಕವಳ ಕಾರ್ಡು ತೆಗೆದೆ. ಅದೇ ಕವರಿನಲ್ಲಿ ನರ್ಸಿಂಗ್ ಹೋಮಿನ ಕಾಗದಗಳೂ ಇದ್ದವು. ಇಂಗ್ಲಿಷಿನಲ್ಲಿದ್ದುದರಿಂದ ನಾನು ಯಾವತ್ತೂ ಬಿಚ್ಚಿ ನೋಡಿರಲಿಲ್ಲ. ತಾಲೀಮಿನಲ್ಲಿ ಲಿಸಿ ಅವನ್ನು ಓದಿ ನನ್ನ ಮುಖ ನೋಡಿದಳು.

“ಸಿಸೇರಿಯನ್ ಜೊತೆಗೇ ಮುಂದೆ ಮಕ್ಕಳಾಗದ ಹಾಗೆ ಆಪರೇಷನೂ ಮಾಡಿದ್ದಾರೆ ರೂಪಾ. ಒಪ್ಪಿಗೆ ಅಂತ ಗಂಡನ ಸಹಿ ಇದೆ. ನಿನಗೆ ಗೊತ್ತಿಲ್ವಾ?”

ನಾಲ್ಕು ವರ್ಷ. ಈ ನಾಲ್ಕು ವರ್ಷವೂ ಅತ್ತೆ ಗಂಡುಮಗುವಿಗಾಗಿ ನನ್ನಿಂದ ಸೋಮವಾರದ ಒಪ್ಪತ್ತು ಮಾಡಿಸಿದರು, ಬರಿಹೊಟ್ಟೆಗೆ ಬೇರಿನ ಕಷಾಯ ಕುಡಿಸಿದರು. ವಾಂತಿ ಮಾಡಿಕೊಂಡರೆ ಇನ್ನೊಂದು ಲೋಟ. “ನಿನ್ನೊಟ್ಟೇಲಿ ನಿಲ್ಲಾಕಿಲ್ಲ ಕಣೆ, ಬರಡು ಬಿದ್ದೋಗದೆ” ಅಂತ ನೆಂಟರ ಮುಂದೆ ಅಂದರು. ನೀವು ಪಕ್ಕದಲ್ಲೇ ಕೂತು ಉಣ್ಣುತ್ತಿದ್ದಿರಿ. ಹೋದ ರಜೆಯಲ್ಲಿ ಬೇರು ಮುಗಿದಾಗ ಬೈಕ್ ತೆಗೆದುಕೊಂಡು ಅಂತರಸಂತೆ ಸಂತೆಗೆ ಹೋಗಿ ತಂದವರೂ ನೀವೇ. ಗಡಿ ಕಾಯುವವರಿಗೆ ಅಮ್ಮನ ಮುಂದೆ ಬಾಯಿ ಬರಲಿಲ್ಲವೇ? ನನಗೂ ಇಬ್ಬರು ಹೆಣ್ಣುಮಕ್ಕಳೇ ಸಾಕಾಗಿತ್ತು. ಕೇಳಿದ್ದರೆ ನಾನೇ ಸಹಿ ಹಾಕುತ್ತಿದ್ದೆ. ನೀವು ಕೇಳಲಿಲ್ಲ, ಆಮೇಲೆ ಹೇಳಲೂ ಇಲ್ಲ. ಬೈಗುಳ ನನ್ನ ಪಾಲಿಗೆ ಬಿಟ್ಟು ರಜೆ ಮುಗಿಸಿ ರೈಲು ಹತ್ತಿದಿರಿ. ನನಗೆ ಸಿಟ್ಟು ಎಷ್ಟು ಬಂದಿದೆ ಅಂದರೆ, ನಿಮ್ಮ ಶರ್ಟು ಒಗೆದು ಮಡಿಸಿಟ್ಟಿದ್ದನ್ನು ಕಂಡರೂ ಮೈ ಉರಿಯುತ್ತದೆ. ಇವತ್ತು ಬೆಳಿಗ್ಗೆಯೂ ಅತ್ತೆ ಲೋಟ ತಂದಿಟ್ಟರು. ಬಚ್ಚಲಿಗೆ ಸುರಿದೆ.

ಮಕ್ಕಳು ಮುತ್ತು ಕಳಿಸಿದ್ದಾರೆ. ಹೊತ್ತುಹೊತ್ತಿಗೆ ಊಟ ಮಾಡಿ.

ರೂಪಶ್ರೀ

ಮರೆತಿದ್ದೆ: ನಾಟಕ ಹುಣಸೂರಿನಲ್ಲಿ, ಇದೇ ೨೫ರ ಭಾನುವಾರ ಸಂಜೆ ಐದಕ್ಕೆ. ಸೊಸೆ ವೇಷ ಹಾಕುತ್ತಾಳೆ ಅಂತ ಅತ್ತೆ ರೇಷ್ಮೆ ಸೀರೆ ತೆಗೆದಿಟ್ಟಿದ್ದಾರೆ, ಮುಂದಿನ ಸಾಲಿನಲ್ಲೇ ಕೂರುತ್ತಾರಂತೆ. ಅಷ್ಟರೊಳಗೆ ನೀವೇ ಫೋನ್ ಮಾಡಿ ಅವರಿಗೆ ಹೇಳಿ. ಇಲ್ಲದಿದ್ದರೆ ಆ ಕಾಗದ ಹಿಡಿದು ನಾನೇ ಹೇಳುತ್ತೇನೆ. ಮದುವೆಯಾದ ಮೇಲೆ ಒಂದು ದಿನವೂ ನಿಮ್ಮ ಹೆಸರು ಬಾಯಲ್ಲಿ ಹೇಳಿದವಳಲ್ಲ. ಅವತ್ತು ಮೈಕಿನಲ್ಲಿ ಓದುತ್ತೇನೆ.