ಹಸಿ ಮಣ್ಣಿನಲ್ಲಿ ಅವ್ವನ ಕೈ

ನರೋಣಾ
ಮಂಗಳವಾರ, 15 ಅಕ್ಟೋಬರ್ 2024

ಪ್ರೀತಿಯ ಅವ್ವಾ,

ಮೊಣಕಾಲು ಹೇಗಿದೆ? ಡಾಕ್ಟರು ಬರೆದುಕೊಟ್ಟ ಗುಳಿಗೆಯನ್ನು ಊಟವಾದ ಮೇಲೆ ನುಂಗುತ್ತೀಯೋ, ಇಲ್ಲಾ ಮುಂಜಾನೆ ಚಹಾದ ಜೊತೆಗೇ ಮುಗಿಸಿಬಿಡುತ್ತೀಯೋ? ಸೂರ್ಯಕಾಂತಣ್ಣನ ಮನೆ ಮೂರನೆಯ ಅಂತಸ್ತು, ಇಳಿಯುವಾಗ ಗೋಡೆ ಹಿಡಿದುಕೊ. ದಸರೆಗೆ ನಾಗಪುರಕ್ಕೆ ಹೋದ ಅಣ್ಣ ಕ್ಷೇಮವಾಗಿ ಸೊಲ್ಲಾಪುರಕ್ಕೆ ಬಂದನೆಂದು ವೈನಿ ಫೋಟೋ ಕಳಿಸಿದ್ದಳು. ಅದರಲ್ಲಿ ನೀನು ಮೂಲೆಯಲ್ಲಿ ಕುಳಿತಿದ್ದೆ, ಮುಖ ಬಾಡಿತ್ತು. ಅಲ್ಲಿಯ ನೀರು ನಿನಗೆ ಹಿಡಿಸುತ್ತಿಲ್ಲವೋ, ಅಥವಾ ನನ್ನ ಮೇಲಿನ ಸಿಟ್ಟೋ ತಿಳಿಯಲಿಲ್ಲ. ನಾನು ಆರಾಮ ಇದ್ದೇನೆ. ಜೇವರ್ಗಿಯಲ್ಲಿ ನಮ್ಮ ಸಾಲೆ ಸೋಮವಾರ ತೆರೆಯುತ್ತದೆ. ಅಲ್ಲಿಯತನಕ ಊರಲ್ಲೇ ಇರುತ್ತೇನೆ.

ಫೋನಿನಲ್ಲಿ ಎರಡು ಸಲ ಹೇಳಲು ಹೋದೆ. ಎರಡು ಸಲವೂ ನೀನು “ಆ ಮಾತು ತೆಗೀಬ್ಯಾಡ ಅಂದೇನಲ್ಲ” ಎಂದು ಕಟ್ ಮಾಡಿದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ಸಂಜೆಯ ಸಾಕ್ಷರತೆ ತರಗತಿಯಲ್ಲಿ ನೀನು ಕಲಿತ ಓದು ಇದಕ್ಕೆ ಸಾಕು. ವೈನಿಯಿಂದ ಓದಿಸಬೇಡ, ನೀನೇ ಓದು. ನಡುವೆ ಸಿಟ್ಟು ಬಂದರೆ ಮಡಚಿಟ್ಟು ಚಹಾ ಕುಡಿದು ಬಾ, ಆದರೆ ಕೊನೆಯತನಕ ಓದು.

ಯಾರೋ ಫೋನ್ ಮಾಡಿ “ನಿನ್ನ ಮಗಳು ಮಣ್ಣಾಗ ನಿನ್ನ ಕೈ ಮಾಡಿ ಊರಿಗೆಲ್ಲ ತೋರಸ್ಲಿಕತ್ಯಾಳ” ಎಂದು ನಿನಗೆ ಹೇಳಿದರಂತೆ. ಮಾಡುತ್ತಿರುವುದು ನಿಜ. ನವೆಂಬರಿನಲ್ಲಿ ಕಲಬುರಗಿಯಲ್ಲಿ ಸುಟ್ಟ ಮಣ್ಣಿನ ಕಲಾಕೃತಿಗಳ ಪ್ರದರ್ಶನವಿದೆ. ನಾನು ಕಾಲೇಜಿನಲ್ಲಿ ಕಲಿತದ್ದು ಇದೇ ಕೆಲಸ, ಆದರೆ ಸಾಲೆಯ ಕೆಲಸ ಸಿಕ್ಕ ಮೇಲೆ ಮಕ್ಕಳಿಗೆ ಹೂವು, ಹಣ್ಣು, ಧ್ವಜ ಬರೆಸುವುದರಲ್ಲೇ ಏಳು ವರ್ಷ ಹೋಯಿತು. ಈ ಸಲ ಏನಾದರೂ ನನ್ನದೇ ಒಂದು ಮಾಡಬೇಕೆಂದು ಕುಳಿತಾಗ ಕಣ್ಣ ಮುಂದೆ ಬಂದದ್ದು ಒಂದೇ. ಊರ ಅಗಸಿಬಾಗಿಲ ಹತ್ತಿರದ ದೊಡ್ಡಮನೆಯ ಸಾಬಮ್ಮನವರ ಮೊಮ್ಮಗಳ ತೊಟ್ಟಿಲ ಕಾರ್ಯ.

ಆಗ ನನಗೆ ಒಂಬತ್ತು ವರ್ಷ. ಆ ಕೂಸು ಕಾಲು ಮುಂದಾಗಿ ಬಂದಿತ್ತು. ನೀನು ಮುಂಜಾನೆ ಹೋದವಳು ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದಿದ್ದೆ, ತೋಳು ಎತ್ತಲು ಆಗುತ್ತಿರಲಿಲ್ಲ, ನಾನೇ ನಿನಗೆ ತುತ್ತು ಮಾಡಿ ಉಣಿಸಿದ್ದೆ. ತಾಯಿ ಕೂಸು ಇಬ್ಬರೂ ಉಳಿದರೆಂದು ಊರೆಲ್ಲ ಹೇಳಿತು. ಹದಿಮೂರನೆಯ ದಿನ ನೀನು ಹಳೇ ಸೀರೆಯ ಅಂಚು ಕತ್ತರಿಸಿ ಕೂಸಿನ ತಲೆಗೆ ಕುಂಚಿಗೆ ಹೊಲಿದುಕೊಂಡು, ನನ್ನನ್ನೂ ಕರೆದುಕೊಂಡು ಹೋದೆ. ಅಂಗಳದಲ್ಲಿ ತೊಟ್ಟಿಲು ಕಟ್ಟಿದ್ದರು. ನೀನು ಕೂಸಿನ ಕೆನ್ನೆ ಮುಟ್ಟಲು ಕೈ ಚಾಚಿದೆ. ಸಾಬಮ್ಮ “ದೂರ ನಿಂದ್ರು ಚಂದಮ್ಮ, ಮಡೀಲೆ ಇದ್ದೇವಿ” ಅಂದರು. ನಿನ್ನ ಕೈ ಅರ್ಧದಲ್ಲೇ ನಿಂತು, ಬೆರಳು ಮಡಚಿಕೊಂಡು, ಸೆರಗಿನೊಳಗೆ ಹೋಯಿತು. ಕುಂಚಿಗೆಯನ್ನು ಕಟ್ಟೆಯ ಮೇಲಿಟ್ಟು ಬಂದೆವು. ಆಮೇಲೆ ನೀನು ಯಾರ ಹೆರಿಗೆಗೂ ಹೋಗಲಿಲ್ಲ. ಕರೆಯಲು ಬಂದವರಿಗೆ “ಕಣ್ಣು ಮಬ್ಬಾಗ್ಯಾವ್ರಿ” ಎಂದು ಹೇಳಿ, ತೊಗರಿ ಕೊಯ್ಯಲು ಕೂಲಿಗೆ ಹೋದೆ. ಆ ಕಣ್ಣಲ್ಲೇ ಸೂಜಿಗೆ ದಾರ ಪೋಣಿಸುತ್ತಿದ್ದೆ. ನಾನು ನೋಡಿದ್ದೇನೆ ಅವ್ವಾ.

ಆ ಕೈಯನ್ನೇ ಮಾಡಬೇಕೆಂದು ಹಟ ಹುಟ್ಟಿತು. ಮಣ್ಣು ನಿನ್ನ ತವರಿನ ಕಡೆಯದೇ ಆಗಲೆಂದು, ಬೇಸಿಗೆಯಲ್ಲಿ ನೀನು ಮೊಣಕಾಲು ತೋರಿಸಲು ಅಣ್ಣನ ಮನೆಗೆ ಹೋದ ಮೇಲೆ, ಅಫಜಲಪುರದ ಬಸ್ ಹಿಡಿದೆ. ಗೊಬ್ಬೂರಿನಲ್ಲಿ ಮಾಮನನ್ನು ಮಾತಾಡಿಸಿ, ಅವನ ಸೈಕಲ್ ಮೋಟಾರಿನ ಮೇಲೆ ಸೊನ್ನಕ್ಕೆ ಹೋಗಿ, ಬ್ಯಾರೇಜಿನ ಕೆಳಗೆ ಭೀಮೆಯ ದಂಡೆಯಿಂದ ಎರಡು ಚೀಲ ಮಣ್ಣು ತುಂಬಿ ತಂದೆ. ನಮ್ಮ ಕುಂಬಾರ ಓಣಿಯ ಸೈದಪ್ಪ ಕಾಕಾ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, “ಇದೊಂದೇ ನಿಂದ್ರಂಗಿಲ್ಲ, ಒಣಗಿದ್ರ ಸೀಳತದ. ಕೆಂಪು ಮಣ್ಣು ಕೂಡಸು, ಉಸುಕು ಹಾಕು” ಅಂದ. ಅವನು ಹೇಳಿದಂತೆ ಸೋಸಿ, ತುಳಿದು, ನಾದಿ, ಶನಿವಾರ ರವಿವಾರ ಊರಿಗೆ ಬಂದಾಗೆಲ್ಲ ಕೂತು ಆರು ವಾರದಲ್ಲಿ ಕೈ ಮಾಡಿದೆ. ಚಾಚಿ, ಬೆರಳು ಮಡಚಿ, ಹಿಂದಕ್ಕೆ ಎಳೆದುಕೊಳ್ಳುತ್ತಿರುವ ಕೈ. ಕುಡಗೋಲು ತಾಕಿ ಸೊಟ್ಟಾದ ನಿನ್ನ ಕಿರುಬೆರಳು ಸಹ ಬರೋಬರಿ ಬಂದಿತ್ತು.

ಸೈದಪ್ಪ ಕಾಕಾ ತನ್ನ ಗಡಿಗೆಗಳ ಜೊತೆಗೇ ಅದನ್ನು ಆವಿಗೆಯಲ್ಲಿಟ್ಟು ಸುಟ್ಟ. ಮಧ್ಯಾಹ್ನದ ಹೊತ್ತಿಗೆ ಒಳಗೆ ಡಬ್ಬೆಂದು ಸದ್ದಾಯಿತು. ಮರುದಿನ ತೆರೆದಾಗ ಚೂರುಗಳಷ್ಟೇ ಇದ್ದವು, ಅವನ ನಾಲ್ಕು ಗಡಿಗೆಗಳೂ ಹೋಗಿದ್ದವು. ಬೈಯುತ್ತಾನೆ ಅಂದುಕೊಂಡೆ. ಅವನು ಚೂರುಗಳನ್ನು ಎತ್ತಿ ತೋರಿಸಿ, “ನೋಡಬೇ, ಮುಷ್ಟಿ ಒಳಗ ಮಣ್ಣು ದಪ್ಪ ಆಗ್ಯಾದ, ಹಸಿ ಹೋಗಿಲ್ಲ. ಒಳಗ ಟೊಳ್ಳು ಬಿಟ್ಟು ಹೊಳ್ಳಿ ಮಾಡು” ಅಂದ, ಅಷ್ಟೆ. ಅವತ್ತು ನಾನು ಉಣ್ಣಲಿಲ್ಲ. ಆದರೆ ಆ ಚೂರುಗಳನ್ನು ಮುಂದಿಟ್ಟುಕೊಂಡು ಕೂತಾಗ ನನ್ನ ತಪ್ಪು ನನಗೇ ಕಂಡಿತು. ಸಾಬಮ್ಮನವರು ಒಂದು ನಿಮಿಷದಲ್ಲಿ ಮಾಡಿದ್ದನ್ನು ನಾನು ಆರು ವಾರ ಕೂತು ಮಣ್ಣಿನಲ್ಲಿ ಮೂಡಿಸಿದ್ದೆ. ನೀನು ಇಪ್ಪತ್ತು ವರ್ಷ ಮಾಡಿದ ಕೆಲಸ ಆ ಕೈಯಲ್ಲಿ ಎಲ್ಲಿಯೂ ಇರಲಿಲ್ಲ.

ಹಾಗಾಗಿ ಈ ರಜೆಯಲ್ಲಿ ಎರಡನೆಯದನ್ನು ಬೇರೆಯಾಗಿ ಮಾಡಿದೆ. ಮಣ್ಣಿನ ಸುರುಳಿ ಒಂದರ ಮೇಲೊಂದು ಕೂಡಿಸಿ, ಒಳಗೆ ಟೊಳ್ಳು ಬಿಟ್ಟು, ಮೊಣಕೈಯಿಂದ ಬೆರಳತುದಿಯವರೆಗೆ ಚಾಚಿದ ಕೈ. ಅಂಗೈ ಮೇಲ್ಮುಖವಾಗಿದೆ, ಒಂದು ಕೂಸು ಮಲಗುವಷ್ಟು ಅಗಲ. ನೀನು ಈ ಕೈಯಿಂದ ಯಾರನ್ನೆಲ್ಲ ಭೂಮಿಗೆ ತಂದೆಯೋ ಅವರು ಬಂದು ಆ ಹಸಿ ಅಂಗೈಯಲ್ಲಿ ತಮ್ಮ ಹೆಬ್ಬೆರಳು ಒತ್ತಬೇಕೆಂದು ನಿಶ್ಚಯಿಸಿದೆ. ನೀನು ಮುಟ್ಟಿದವರು ಈಗ ನಿನ್ನನ್ನು ಮುಟ್ಟಬೇಕು, ನನ್ನ ಮನಸ್ಸಿನಲ್ಲಿದ್ದದ್ದು ಇಷ್ಟೇ.

ಮನೆಮನೆಗೆ ಹೋದೆ. ಮೊದಲು ಬಂದವನು ಸೊಲ್ಲಾಪುರದ ಬಸ್ ಓಡಿಸುವ ಖಲೀಲಣ್ಣ. “ನನ್ನ ಹೊಕ್ಕಳಬಳ್ಳಿ ಕೊಯ್ದಾಕಿ ನಿಮ್ಮವ್ವ, ಎರಡೂ ಹೆಬ್ಬೆಟ್ಟು ಒತ್ತಲೇನು?” ಎಂದು ಕೇಳಿ ನಗಿಸಿದ. ಗುರುಬಾಯಿ ತನ್ನ ಮೂವರು ಮಕ್ಕಳನ್ನೂ ಹೊಲದಿಂದ ಹಾಗೇ ಕರೆತಂದಳು, ನಿನ್ನನ್ನು ನೆನೆಸಿ ಅತ್ತಳು. ಹಲವರು ನಾಳೆ ಬರುತ್ತೇವೆಂದರು, ಬರಲಿಲ್ಲ. ಒಬ್ಬಾಕೆ ನನ್ನನ್ನು ನೋಡಿ ಬಾಗಿಲು ಮುಂದೆ ಮಾಡಿದಳು. ಮರುದಿನ ಅದೇ ಬಾಗಿಲಿಗೆ ಮತ್ತೆ ಹೋದೆ. ನಾನು ನಿನ್ನ ಹಾಗೆ ಸುಮ್ಮನೆ ತಿರುಗಿ ಬರುವವಳಲ್ಲವೆಂದು ಈಗ ಊರಿಗೆ ಗೊತ್ತಾಗಿದೆ.

ಹೋದ ವಾರ ಸಾಬಮ್ಮನವರ ಮಗ ಪರಮೇಶ ನಮ್ಮ ಮನೆಗೆ ಬಂದ. ಅಂಗಳದಲ್ಲಿ ನಿಂತೇ, “ಟೀಚರಬಾಯಿ ಆಗೀದಿ, ಹಳೇದೆಲ್ಲ ಯಾಕ ಕೆದಕಾಕತ್ತೀ? ಈಗ ಯಾರು ಹಂಗ ಮಾಡ್ತಾರ?” ಎಂದು ಕೇಳಿದ. “ಯಾರೂ ಮಾಡಂಗಿಲ್ಲಂದ್ರ ಛಲೋ ಆತ್ರಿ. ನಿಮ್ಮ ಮಗಳನ್ನ ಕಳಸ್ರಿ, ಒಂದು ಹೆಬ್ಬೆಟ್ಟು ಒತ್ತಿ ಹೋಗ್ಲಿ” ಅಂದೆ. ಅವನು ಅಂಗಳದಿಂದಲೇ ತಿರುಗಿ ಹೋದ.

ಅವ್ವಾ, ನಿನ್ನೆ ಅವಳು ಬಂದಳು. ಕಾಲು ಮುಂದಾಗಿ ಹುಟ್ಟಿದ ಆ ಭುವನೇಶ್ವರಿ. ಈಗ ಇಪ್ಪತ್ತೆರಡು ವರ್ಷ, ಆಳಂದದಲ್ಲಿ ಡಿಗ್ರಿ ಮುಗಿಸಿದ್ದಾಳೆ. ಅವಳ ಹೆಗಲು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಬಡಿಗೆ ಊರುತ್ತ ಸಾಬಮ್ಮನವರೂ ಬಂದಿದ್ದರು. ನಮ್ಮ ಓಣಿಗೆ ಆಕೆ ಬಂದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಕುರ್ಚಿ ಹಾಕಿದೆ, ಕೂಡಲಿಲ್ಲ. ಮಣ್ಣಿನ ಕೈಯನ್ನು ಬಹಳ ಹೊತ್ತು ನೋಡಿ, “ಇದು ಚಂದಮ್ಮನ ಕೈನೇ ಅದ. ಕಿರುಬಟ್ಟು ಸೊಟ್ಟದ ನೋಡು” ಅಂದರು. ಆಮೇಲೆ ನನ್ನ ಕಡೆ ನೋಡದೆಯೇ, “ಅವತ್ತ ನಾನೇ ಅಂದಿದ್ದೆ. ಮರತಿಲ್ಲ. ಮರತೇನಂತ ಹೇಳಿದ್ರ ಸುಳ್ಳಾಗತದ” ಅಂದರು. ಭುವನೇಶ್ವರಿಗೆ ಇದೇನೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಅಜ್ಜಿಯ ಮುಖ, ನನ್ನ ಮುಖ ನೋಡಿ, ಅಂಗೈಯ ನಟ್ಟನಡುವೆ ಹೆಬ್ಬೆರಳು ಒತ್ತಿದಳು. ನಾನು ಬೇರೆ ಕಡೆ ತಿರುಗಿ ನಿಂತೆ.

ಈ ಊರಿನಲ್ಲಿ ಇನ್ನು ನಾನು ತಲೆ ಬಗ್ಗಿಸಿ ನಡೆಯುವುದಿಲ್ಲ. ನನ್ನ ಸಾಲೆಯ ದಿನಗಳಿಂದ ನೌಕರಿಯ ಅರ್ಜಿಯತನಕ ತಾಯಿಯ ಉದ್ಯೋಗವೆಂದು ಕೇಳಿದಲ್ಲೆಲ್ಲ ‘ಕೂಲಿ’ ಎಂದೇ ಬರೆದಿದ್ದೆ, ನೀನು ಹಾಗೇ ಬರೆಯಲು ಹೇಳಿದ್ದೆ. ಪ್ರದರ್ಶನದ ಫಾರ್ಮಿನಲ್ಲಿ ಕೃತಿಯ ಬಗ್ಗೆ ಒಂದು ಸಾಲು ಕೇಳಿದ್ದರು. “ನನ್ನ ತಾಯಿ ಚಂದಮ್ಮ, ನರೋಣಾದ ಸೂಲಗಿತ್ತಿ” ಎಂದು ಬರೆದು ಕಳಿಸಿಯಾಯಿತು. ಅದನ್ನು ಮಾತ್ರ ನೀನು ಹೇಳಿದರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಅಣ್ಣನಿಗೂ ವೈನಿಗೂ ನನ್ನ ಜೈಭೀಮ ಹೇಳು, ಮಕ್ಕಳ ತಲೆ ನೇವರಿಸು. ಅಪ್ಪ ಇದ್ದಿದ್ದರೆ ಆ ಕೈಯ ಪಕ್ಕ ಕುಳಿತು ಬಂದವರಿಗೆಲ್ಲ ಚಹಾ ಕೊಡುತ್ತಿದ್ದ. ನಿನ್ನ ಕಾಲು ಬೇಗ ಗುಣವಾಗಲಿ.

ನಿನ್ನ ಮಗಳು
ಪಂಚಶೀಲಾ

ತಾ.ಕ.: ಖಲೀಲಣ್ಣ ಡ್ಯೂಟಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಕಾಗದ ಅವನ ಕೈಯಲ್ಲೇ ಕೊಡುತ್ತಿದ್ದೇನೆ, ಅದಕ್ಕೆ ಅವಸರದಲ್ಲಿ ಬರೆಯುತ್ತೇನೆ. ಹೇಳಲೋ ಬೇಡವೋ ಎಂದು ಇಷ್ಟು ಹೊತ್ತು ಬಿಟ್ಟಿದ್ದೆ. ನಿನ್ನೆ ಹೋಗುವಾಗ ಸಾಬಮ್ಮನವರು, “ನಂದೂ ಒಂದು ಹೆಬ್ಬೆಟ್ಟು ಒತ್ತಲೇನಬೇ?” ಎಂದು ಕೇಳಿದರು. “ಅದು ನಾ ಹೇಳೂದಲ್ಲ ಆಯಿ, ಅವ್ವಗ ಕೇಳಬೇಕು” ಅಂದೆ. “ಹಂಗಾದ್ರ ಕರಸು, ಆಕಿನ್ನೇ ಕೇಳ್ತೇನಿ” ಅಂದರು. ಶುಕ್ರವಾರ ಮತ್ತೆ ಬರುತ್ತಾರೆ. ಕೈಗೆ ಒದ್ದೆ ಬಟ್ಟೆ ಹೊದಿಸಿದ್ದೇನೆ, ಶನಿವಾರದತನಕ ಮಣ್ಣು ಹಸಿಯಾಗಿರುತ್ತದೆ, ಆಮೇಲೆ ಯಾರ ಬೆರಳೂ ಮೂಡುವುದಿಲ್ಲ. ಇದೆಲ್ಲವನ್ನೂ ನಿನ್ನನ್ನು ಕೇಳದೆ ಮಾಡಿದೆ, ಅದು ನನ್ನ ತಪ್ಪು. ಸುಡುವ ಮೊದಲಾದರೆ ನೀರಿಗೆ ಹಾಕಿದರೆ ಸಾಕು, ಕರಗಿ ಮತ್ತೆ ಮಣ್ಣಾಗುತ್ತದೆ. ಕರಗಿಸು ಅಂದರೆ ನಾನೇ ಕರಗಿಸುತ್ತೇನೆ. ಸಾಬಮ್ಮನವರಿಗೆ ಹೂಂ ಅನ್ನು, ಬೇಡ ಅನ್ನು, ನಿನ್ನ ಪಕ್ಕದಲ್ಲಿ ನಾನು ನಿಂತಿರುತ್ತೇನೆ. ಆದರೆ ನಿನ್ನ ಪರವಾಗಿ ಇನ್ನು ಯಾರೂ ಮಾತಾಡಬಾರದು, ನಾನು ಕೂಡ. ಗುರುವಾರ ಖಲೀಲಣ್ಣನ ಬಸ್ಸಿಗೇ ಹತ್ತು. ಏನು ಹೇಳುವುದಿದ್ದರೂ ಇಲ್ಲಿಗೆ ಬಂದು, ಆಕೆಯ ಎದುರಿಗೆ, ನಿನ್ನ ಬಾಯಿಂದಲೇ ಹೇಳು.