ಹಗೇವಿಗೆ ಇಳಿಸಿದ ದೀಪ

ಅಪ್ಪಾ,

ನಿನ್ನೆ ಔರಾದಿನ ಶಾಲೆಯಲ್ಲಿ ಮತ್ತೆ ಗಾಳಿಯ ಪಾಠ ಬಂತು. ಧಾತು, ಸಂಯುಕ್ತ, ಮಿಶ್ರಣ ಎಂದು ಬೋರ್ಡಿನ ಮೇಲೆ ಮೂರು ಸಾಲು ಬರೆದೆ. ಗಾಳಿ ಮಿಶ್ರಣದ ಸಾಲಿಗೆ ಸೇರುತ್ತದೆ ಎಂದೆ. ಪಾಲು ಎಷ್ಟೆಷ್ಟು ಎಂದು ಬರೆಯದೆ ಬೋರ್ಡು ಒರೆಸಿಬಿಟ್ಟೆ.

ನೆನಪಿದೆಯಾ, ಒಂದು ದೀಪಾವಳಿಗೆ ಸಾಯಗಾಂವದ ನಮ್ಮ ಕಟ್ಟೆಯ ಮೇಲೆ ಕೂತು ಇದನ್ನೇ ನಿನಗೆ ಹೇಳಿದ್ದೆ? ನೂರಕ್ಕೆ ಎಪ್ಪತ್ತೆಂಟು ಸಾರಜನಕ, ಇಪ್ಪತ್ತೊಂದು ಆಮ್ಲಜನಕ. ನೀನು ನಕ್ಕಿದ್ದೆ. "ನಿಮ್ಮ ಸಾಲಿ ಗಾಳಿ ಬ್ಯಾರೆ, ಹಗೇವಿನ ಗಾಳಿ ಬ್ಯಾರೆ, ಮಗಳ." ನೆಲದೊಳಗೆ ಜೋಳ ತುಂಬಿ ಬಾಯಿ ಮುಚ್ಚಿದ ಆ ಗುಂಡಿಯಲ್ಲಿ ಕಾಳೇ ಉಸಿರಾಡಿ ಆಮ್ಲಜನಕ ತೀರಿಸಿಬಿಡುತ್ತದೆ. ಅದಕ್ಕೇ ನೀನು ಮೊದಲು ಕಂದೀಲು ಇಳಿಸಿ ನೋಡುತ್ತಿದ್ದೆ. ಆರಿದರೆ ಆ ದಿನ ಯಾರೂ ಇಳಿಯುವ ಹಾಗಿರಲಿಲ್ಲ. ಮಿಶ್ರಣದ ಪಾಲು ಎಲ್ಲ ಕಡೆ ಒಂದೇ ಇರುವುದಿಲ್ಲ ಎಂಬುದು ನನಗಿಂತ ನಿನಗೇ ಚೆನ್ನಾಗಿ ಗೊತ್ತಿತ್ತು.

ಸೀಮೆಎಣ್ಣೆ ಸಿಗದೆ ಕಂದೀಲು ಮೂಲೆ ಸೇರಿದಾಗ ಬ್ಯಾಟರಿ ದೀಪ ತಂದುಕೊಟ್ಟವಳು ನಾನು. ಹಗೇವು ತೆಗೆದ ಆ ಬೆಳಿಗ್ಗೆ ನೀನು ಫೋನ್ ಮಾಡಿದ್ದೆ. "ನೀ ಕೊಟ್ಟ ದೀಪ ಇಳಿಸೀನಿ. ಚಲೋ ಉರಿಲಾಕತ್ತದ. ಇಳಿಲೇನು?" ಗಂಟೆ ಹೊಡೆದಿತ್ತು, ನನ್ನ ಕೈಯಲ್ಲಿ ಹಾಜರಿ ಪುಸ್ತಕ. "ಉರಿಲಾಕತ್ತದಂದ್ರ ಇಳಿ ಅಪ್ಪಾ" ಎಂದುಬಿಟ್ಟೆ. ಬ್ಯಾಟರಿ ದೀಪಕ್ಕೆ ಆಮ್ಲಜನಕ ಯಾತಕ್ಕೆ ಬೇಕು? ವಿಜ್ಞಾನದ ಮೇಡಂ ನಾನು, ಅಷ್ಟೂ ಹೊಳೆಯಲಿಲ್ಲವೆಂದರೆ... ತಮ್ಮ ಮಾದೇವ ಸೊಂಟದ ಹಗ್ಗ ಹಿಡಿದು ನಿನ್ನನ್ನು ಮೇಲೆಳೆದಾಗ ಉಸಿರಿರಲಿಲ್ಲ. ಎದೆ ನಿಂತಿತು ಎಂದರು ಊರವರು. ನಾನೂ ಹೂಂ ಎಂದೆ. ಎರಡು ವರ್ಷ ಹೂಂ ಎನ್ನುತ್ತಲೇ ಬಂದೆ.

ನಿನ್ನೆ ಶಾಲೆ ಬಿಟ್ಟ ಮೇಲೆ ಮಾದೇವನ ಫೋನ್ ಬಂತು. "ಅಕ್ಕಾ, ನಾಳಿ ಹಗೇವು ತೆಗಿತೀನಿ. ಅಪ್ಪನ ಬ್ಯಾಟರಿ ಎಲ್ಲದ, ಗೊತ್ತದೇನು?" "ನಾ ಬರೋತನಕ ಮುಟ್ಟಬ್ಯಾಡ" ಎಂದು ಕೂಗಿ ಭಾಲ್ಕಿ ಬಸ್ಸು ಹತ್ತಿದೆ. ಮನೆಗೆ ಬಂದು ಅವನಿಗೂ ಅವ್ವನಿಗೂ ಎಲ್ಲ ಹೇಳಿಬಿಟ್ಟೆ. ಮಾದೇವ ಎದ್ದು ಹೊರಗೆ ಹೋದ. ಇವತ್ತು ಬೆಳಿಗ್ಗೆ ಮಣ್ಣು ತರಿಸಿ ಹಗೇವು ಮುಚ್ಚಿಸಿದ.

ಅವ್ವ ರೊಟ್ಟಿ ಬಡಿಯುತ್ತಾ, ನನ್ನ ಕಡೆ ನೋಡದೆ ಕೇಳಿದಳು. "ಇಳಿಯೋಕಿಂತ ಮೊದಲ ನಿನಗ ಫೋನ್ ಮಾಡಿದ್ನಾ?"

"ಹೂಂ, ಅವ್ವಾ."

"ಅಂವ ಜನ್ಮದಾಗ ಯಾರ ಮಾತೂ ಕೇಳಾಂವಲ್ಲ. ನಿಂದು ಕೇಳ್ದ, ನೋಡು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅಪ್ಪಾ.