ಬೊಟ್ಟು ಅಳಿಸಿದ ಫ್ಲೆಕ್ಸು

ಮಾದೇವಕ್ಕಾ,

ನೀನಿದ್ದಿದ್ದರೆ ಮೊದಲು ನನ್ನ ತಲೆಗೊಂದು ಮೊಟಕಿ ಆಮೇಲೆ ಕತೆ ಕೇಳುತ್ತಿದ್ದೆ. ಮೊಟಕುವವರು ಇಲ್ಲ, ಹಾಗಾಗಿ ನೇರ ಕತೆಗೇ ಬರುತ್ತೇನೆ. ಹೋದ ವಾರ ನಿನ್ನ ಬಾಲವಾಡಿ ಕಣ್ಣೆದುರಿಗೇ ಖಾಲಿಯಾಗಿ ಹೋಯಿತು. ನಾನು ಮಾಡಿಸಿದ ಒಂದು ಫ್ಲೆಕ್ಸು ನೋಡಿ ತಾಯಂದಿರೆಲ್ಲ ತಮ್ಮ ತಮ್ಮ ಕೂಸು ಎತ್ತಿಕೊಂಡು ಎದ್ದು ನಡೆದರು. ಅದೂ ಹಣ ಕೊಡುವವರು ನೋಡಲು ಬರುವ ದಿನವೇ. 

ನಾನು ಮೊದಲ ಸಲ ನಿನ್ನಲ್ಲಿಗೆ ಬಂದದ್ದು ನೆನಪಿದೆಯಾ? ವಾಡಿಯ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಮಾಡಿಕೊಂಡಿದ್ದವಳು, ದೊಡ್ಡ ಫೋಟೋಗ್ರಾಫರ್ ಹಾಗೆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬಂದಿದ್ದೆ. ಶಹಾಬಾದ್ ದಾಟಿ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಗಳ ನಡುವೆ ನಿನ್ನದೊಂದು ತಗಡಿನ ಕೋಣೆ. ತಾಯಂದಿರು ಕಲ್ಲು ಕಡಿಯಲು ಹೋಗಿದ್ದರು, ಅವರ ಮಕ್ಕಳೆಲ್ಲ ನಿನ್ನ ಸುತ್ತ. ಎಲ್ಲರನ್ನೂ ಸಾಲಾಗಿ ನಿಲ್ಲಿಸು, ಒಂದು ಗ್ರೂಪ್ ಫೋಟೋ ತೆಗೆಯುತ್ತೇನೆ ಎಂದೆ. ನೀನು ನನ್ನನ್ನೇ ಕೆಕ್ಕರಿಸಿ ನೋಡಿದೆ. "ಒಂದೊಂದ್ ಬೇಕಾದ್ರ ತಗಿ. ಎಲ್ಲಾ ಕೂಸುಗೋಳಿಗಿ ಒಂದ್ಕಡಿ ನಿಂದರ್ಸಿ ತಗೀಬ್ಯಾಡ. ನದರ ಆಗ್ತದ." ದೃಷ್ಟಿ ತಾಕುತ್ತದಂತೆ ಎಂದು ನಾನು ನಕ್ಕೆ. ನೀನು ನಗಲಿಲ್ಲ. ಎಲ್ಲ ಮಕ್ಕಳ ಕೆನ್ನೆಯಲ್ಲೂ ಕಾಡಿಗೆಯ ಕಪ್ಪು ಬೊಟ್ಟು ಇದ್ದದ್ದನ್ನು ಆಮೇಲೆ ಗಮನಿಸಿದೆ.

ಆ ತಾಯಂದಿರಲ್ಲಿ ಒಬ್ಬಳಾದ ಲಕ್ಷ್ಮಿಯ ಕತೆ ನೀನೇ ನನಗೆ ಹೇಳಿದ್ದು, ಚಹಾ ಸೋಸುತ್ತ, ತಲೆ ಎತ್ತದೆ. ಅವಳು ಕಲ್ಲು ಕಡಿಯುತ್ತಿದ್ದಾಗ ಹಿರಿಮಗ ಹಿಂದೆಯೇ ಆಡುತ್ತಿದ್ದನಂತೆ. ಪಕ್ಕದಲ್ಲಿ ಮಳೆನೀರು ತುಂಬಿದ ಹಳೆಯ ಖಣಿ. ಉಳಿಯ ಸದ್ದಿನಲ್ಲಿ ಅವನು ಬಿದ್ದ ಸದ್ದು ಯಾರಿಗೂ ಕೇಳಲಿಲ್ಲ. ಅವಳ ಜೊತೆಗೇ ಕಲ್ಲು ಕಡಿಯುತ್ತಿದ್ದ ನೀನು ಅವತ್ತು ಕೆಳಗಿಟ್ಟ ಉಳಿಯನ್ನು ಮತ್ತೆ ಹಿಡಿಯಲಿಲ್ಲ. ಮರುದಿನ ಮನೆಮನೆಗೆ ಹೋಗಿ, "ಕೂಸು ನನ್ನ ಕೈಯಾಗ ಕೊಟ್ಟು ಕೆಲಸಕ್ಕ ಹೋಗ್ರಿ" ಎಂದೆ. ಅಷ್ಟೇ. ಬಾಲವಾಡಿ ಹೇಗೆ ಶುರುವಾಯಿತು ಎಂದು ಯಾರು ಕೇಳಿದರೂ ಇದಕ್ಕಿಂತ ಹೆಚ್ಚು ನೀನು ಹೇಳಿದ್ದು ನಾನು ಕೇಳಿಲ್ಲ.

ಮಳೆಗಾಲದಲ್ಲಿ ಕಾಮಾಲೆ ನಿನ್ನನ್ನು ಒಯ್ದಾಗ ನಿನ್ನ ಜಾಗಕ್ಕೆ ಸುನಂದಾ ಬಂದಳು. ಅದೇ, ಬುದ್ಧವಿಹಾರದ ಹಿಂದಿನ ಮನೆಯ ಸುನಂದಾ, ಟೀಚರ್ ಟ್ರೇನಿಂಗ್ ಮುಗಿಸಿದವಳು. ಅವಳ ಸಂಬಳ, ಮಕ್ಕಳ ಊಟ ಎರಡೂ ನಡೆಯುತ್ತಿದ್ದದ್ದು ಹೊರಗಿನ ಒಂದು ಸಂಸ್ಥೆಯ ಹಣದಿಂದ, ನಿನಗೆ ಗೊತ್ತೇ ಇದೆ. ಈ ವರ್ಷ ಅವರು ತಾವು ಹಣ ಕೊಡುವ ಎಲ್ಲ ಸಂಘಗಳಿಗೂ ಹೇಳಿ ಕಳಿಸಿದರು: ನಿಮ್ಮ ಕೆಲಸದಿಂದ ಏನು ಬದಲಾಗಿದೆ, ಚಿತ್ರದಲ್ಲಿ ತೋರಿಸಿ, ನೋಡಿದ ಮೇಲೆ ಮುಂದಿನ ಮಾತು. ತೋರಿಸಲಾಗದಿದ್ದರೆ? ಬಾಲವಾಡಿಗೆ ಬೀಗ. ಮಕ್ಕಳು ಮತ್ತೆ ತಾಯಂದಿರ ಬೆನ್ನ ಹಿಂದೆ, ಖಣಿಯ ಅಂಚಿನಲ್ಲಿ.

ಸೇಡಂ ಕಡೆ ಕುರಕುಂಟಾದ ಸಂಘಕ್ಕೆ ಚಿತ್ರ ಮಾಡಿಕೊಟ್ಟವಳೂ ನಾನೇ. ಅಲ್ಲಿ ಕಷ್ಟವೇ ಆಗಲಿಲ್ಲ: ಹೂಳು ತುಂಬಿದ ಬಾವಿಯ ಹಳೆಯ ಫೋಟೋ ಒಂದು, ನೀರು ಸೇದುತ್ತಿರುವ ಹೊಸದೊಂದು, ಮುಗಿಯಿತು. ಚಿಂಚೋಳಿಯ ಕೊಡ್ಲಿಯಲ್ಲಿ ಹೆಂಗಸರು ತಾವೇ ಬೇಳೆ ಮಾಡಿ ಮಾರುತ್ತಾರೆ. ಅಲ್ಲಿ ತೊಗರಿ ರಾಶಿಯೇ ಬಂಗಾರದಂತೆ ಹೊಳೆದು ನನ್ನ ಕೆಲಸ ಮಾಡಿಕೊಟ್ಟಿತು. ಆದರೆ ನಿನ್ನ ಬಾಲವಾಡಿಯಲ್ಲಿ ಏನು ತೆಗೆಯಲಿ? ನೀನು ಮಾಡಿದ ಕೆಲಸವೆಂದರೆ ಒಂದು ಸಂಗತಿ ಮತ್ತೆ ಆಗದಂತೆ ನೋಡಿಕೊಂಡದ್ದು. ಬೀಳದೆ ಉಳಿದ ಕೂಸಿನ ಫೋಟೋ ತೆಗೆಯುವುದು ಹೇಗೆ ಅಕ್ಕಾ? ಚಿತ್ತಾಪುರದ ನಮ್ಮ ಮನೆಯಿಂದ ಶಹಾಬಾದಿಗೆ ಬಸ್ಸಿನಲ್ಲಿ ಬರುವಾಗಲೆಲ್ಲ ಇದೇ ಯೋಚನೆ. ಕೊನೆಗೆ ಒಂದು ದಿನ ಹೊಳೆಯಿತು. ಫ್ಲೆಕ್ಸಿನ ಮೇಲರ್ಧದಲ್ಲಿ ಮಕ್ಕಳ ಮುಖಗಳು ಸಾಲುಸಾಲಾಗಿ, ಕೆಳಗರ್ಧದಲ್ಲಿ ಆ ಹಸಿರು ನೀರಿನ ಖಣಿ. ನೋಡಿದವರಿಗೆ ಮಾತೇ ಬೇಡ, ಇವರೆಲ್ಲ ಇಲ್ಲಿಂದ ಉಳಿದವರು ಎಂದು ತಾನಾಗಿಯೇ ತಿಳಿಯಬೇಕು. ನನ್ನ ಬುದ್ಧಿಗೆ ನಾನೇ ಶಹಭಾಸ್ ಹೇಳಿಕೊಂಡೆ.

ಫೋಟೋಕ್ಕೆ ತಾಯಂದಿರನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು. ಎಲ್ಲ ಕೂಸುಗಳನ್ನು ಒಂದೇ ಚಿತ್ರದಲ್ಲಿ ಹಾಕುವುದೆಂದರೆ ಊರ ಕಣ್ಣಿಗೆ ತಟ್ಟೆಯಲ್ಲಿಟ್ಟು ಕೊಟ್ಟಂತೆ ಎಂದು ನಿನ್ನ ಮಾತನ್ನೇ ನನಗೆ ಹೇಳಿದರು. ಸುನಂದಾ ಬೈದಳು. "ನದರ ಗಿದರ ಎಲ್ಲಾ ಸುಳ್ಳು. ನಮ್ಮ ಮನ್ಯಾಗ ಒಂದ್ ಕೂಸಿಗೂ ಬೊಟ್ಟು ಇಟ್ಟಿಲ್ಲ, ಏನಾಗ್ಯದ?" ಲಕ್ಷ್ಮಿ ಅವಳ ಜೊತೆ ವಾದಕ್ಕೆ ಹೋಗಲಿಲ್ಲ, ನನ್ನ ಕಡೆ ತಿರುಗಿದಳು. "ತಗಿ ನೀಲಾ. ಖರೇ, ಬೊಟ್ಟು ನೆಟ್ಟಗ ಕಾಣಬೇಕು." ಹಾಗೆಂದು ಮಾತಾಯಿತು. ಮರುದಿನ ಮಕ್ಕಳು ದಿನಕ್ಕಿಂತ ದೊಡ್ಡ ಬೊಟ್ಟು ಇಡಿಸಿಕೊಂಡು ಬಂದವು. ಒಬ್ಬೊಬ್ಬರನ್ನೇ ಬಾಗಿಲ ಬೆಳಕಿಗೆ ನಿಲ್ಲಿಸಿ ತೆಗೆದೆ. ನಿನ್ನ ಮಗಳು ಗೌರಿಯೂ ನಿಂತಳು, ಹಲ್ಲು ಬಿದ್ದ ಬಾಯಿ ತೋರಿಸಬಾರದೆಂದು ತುಟಿ ಬಿಗಿಹಿಡಿದು.

ಸಂಸ್ಥೆಯವರು ಬರುವ ದಿನ ಬೆಳಗ್ಗೆ, ಅಂಗಡಿಯಿಂದ ಸುತ್ತಿದಂತೆಯೇ ತಂದ ಫ್ಲೆಕ್ಸು ಗೋಡೆಗೆ ಕಟ್ಟಿ ಹಗ್ಗ ಬಿಚ್ಚಿದೆ. ಕೆಲಸಕ್ಕೆ ಹೋಗುವ ಮುಂಚೆ ನೋಡೋಣವೆಂದು ತಾಯಂದಿರೆಲ್ಲ ಬಂದಿದ್ದರು. ಅದು ಬಿಚ್ಚಿಕೊಂಡು ಕೆಳಗಿಳಿಯಿತು. ಚಪ್ಪಾಳೆ ಬರುತ್ತದೆಂದು ನಾನು ಕಾಯುತ್ತಿದ್ದೆ. ಅದು ಬರಲಿಲ್ಲ. ತಿರುಗಿ ನೋಡಿದರೆ ಲಕ್ಷ್ಮಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ನನಗಿನ್ನೂ ಏನಾಗಿದೆ ಎಂದು ತಿಳಿದಿರಲಿಲ್ಲ ಅಕ್ಕಾ. ಇಷ್ಟು ವರ್ಷ ಚಿತ್ರ ನೋಡಿಯೇ ಬದುಕಿದವಳು, ನನ್ನದೇ ಚಿತ್ರ ನನಗೆ ಕಾಣಲಿಲ್ಲ.

"ನೀಲಾ, ಇದೇನ್ ಮಾಡಿದಿ?" ಅಂದಳು ಲಕ್ಷ್ಮಿ. ದನಿ ಏರಿಸಿಯೂ ಇರಲಿಲ್ಲ. "ನನ್ನ ಕೂಸಿನ ಮಾರಿ ತೊಳದು ನೀರಾಗ ಇಟ್ಟಿ ಏನು?"

ಆಗ ಕಂಡಿತು. ಒಂದು ಕೆನ್ನೆಯ ಮೇಲೂ ಬೊಟ್ಟಿರಲಿಲ್ಲ. ಎಲ್ಲ ಮುಖಗಳೂ ತೊಳೆದಿಟ್ಟ ಹಾಗೆ ಬೆಳ್ಳಗೆ, ನುಣ್ಣಗೆ. ಕೆಳಗಿನ ಸಾಲಿನ ಗದ್ದಗಳಿಗೆ ಆ ಹಸಿರು ನೀರು ಹತ್ತಿತ್ತು. ಅದೇ ಸಾಲಿನಲ್ಲಿ ಲಕ್ಷ್ಮಿಯ ಕಿರಿಮಗ. ಹಿರಿಯವನನ್ನು ಆ ನೀರಿನಿಂದ ಎತ್ತಿಸಿಕೊಂಡವಳಿಗೆ ನಾನು ತೋರಿಸಿದ್ದು ಏನನ್ನು? ಅವಳು ಮಗನನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಊಟದ ತಟ್ಟೆಗಳು ಬಿದ್ದಲ್ಲೇ ಬಿದ್ದಿದ್ದವು. ಅಪ್ಪ ಶರಣಪ್ಪ ಆಗಲೇ ಅವಳನ್ನು ಬಿಟ್ಟು ಕೆಲಸಕ್ಕೆ ಹೋಗಿದ್ದರಿಂದ ಗೌರಿಯೊಬ್ಬಳು ಉಳಿದಳು, ಮೂಲೆಯಲ್ಲಿ ಗೊಂಬೆ ಹಿಡಿದುಕೊಂಡು.

ವಾಡಿಯ ಫ್ಲೆಕ್ಸಿನ ಅಂಗಡಿಯವನಿಗೆ ಫೋನು ಮಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಪಾಪ, ಅವನಿಗೆ ತಲೆಬುಡ ತಿಳಿಯಲಿಲ್ಲ. "ನಾ ಏನೂ ಮಾಡಿಲ್ರಿ ಮೇಡಂ. ಒಂದ್ ಬಟನ್ ಒತ್ತೀನಿ. ಮಚ್ಚಿ, ಕಲಿ, ಮೊಡವಿ ಎಲ್ಲಾ ಅದೇ ತಗೀತದ. ಲೀಡರ್‌ಗೋಳ ಫ್ಲೆಕ್ಸಿಗಿ ದಿನಾ ಇದೇ ಮಾಡ್ತೀವಿ. ಮಾರಿ ಸ್ವಚ್ಛ ಬರಲಿ ಅಂತ..."  ಆಮೇಲೆ ಮೆಲ್ಲಗೆ, "ಬೊಟ್ಟೂ ತಗದದೇನ್ರಿ? ಸಣ್ಣ ಕೂಸುಗೋಳದು?" ಅಂದ. ಅವನಿಗೂ ಮನೆಯಲ್ಲಿ ಒಂದು ಕೂಸಿದೆಯಂತೆ. ನಾನು ಫೋನು ಇಟ್ಟುಬಿಟ್ಟೆ. ಯಾರನ್ನು ಬೈಯಲಿ?

ಅಷ್ಟರಲ್ಲಿ ಜೀಪು ಬಂದು ನಿಂತಿತು. ಇಳಿದವರು ಒಬ್ಬ ಮೇಡಂ, ಜೊತೆಗೆ ಇಬ್ಬರು. ಮೇಡಂ ಒಳಗೆ ಇಣುಕಿ, "ಮಕ್ಕಳು ಎಲ್ಲಿ?" ಎಂದು ಕೇಳಿದರು. ಎಷ್ಟು ಸಣ್ಣ ಪ್ರಶ್ನೆ ನೋಡು.  ಸುನಂದಾ "ಬರ್ರಿ, ಕುಂದ್ರಿ" ಎಂದು ಚಾಪೆ ಹಾಸಿದಳು. ನಾನು ಫ್ಲೆಕ್ಸು ಸುತ್ತಿಡಲು ಹೋದರೆ ಕೈ ಹಿಡಿದಳು. "ಇರಲಿ ಬಿಡು. ಮುಚ್ಚಿಟ್ಟು ಏನ್ ಹೇಳ್ತಿ ಅವರಿಗಿ?" ಎಲ್ಲ ಮುಗಿಯಿತು ಎಂದುಕೊಂಡೆ. ನೀನು ವರ್ಷಗಟ್ಟಲೆ ಕಾದದ್ದನ್ನು ನಾನು ಒಂದೇ ಮುಂಜಾನೆಯಲ್ಲಿ...

ಬಾಗಿಲಲ್ಲಿ ನೆರಳು ಕಂಡಿತು. ಲಕ್ಷ್ಮಿ. ಹೆಗಲ ಮೇಲೆ ಮಗ ಹಾಗೇ ಇದ್ದ. ಕೈಯಲ್ಲಿ ಕಾಡಿಗೆ ಡಬ್ಬಿ. ಮೇಡಂ ಯಾರು, ಏನು ಎಂದು ಅವಳು ವಿಚಾರಿಸಲಿಲ್ಲ, ಕೇಳಿದವರಿಗೆ ಹೇಳುವ ಹಾಗೆ ಹೇಳಿದಳು. "ಭಾಳ ಸಿಟ್ಟು ಬಂದಿತ್ರಿ. ಕೂಸಿಗಿ ಎತ್ಕೊಂಡು ಹೊಂಟೆ. ಅರ್ಧ ದಾರಿಗಿ ಹೋಗಿ ನಿಂತೆ. ಎಲ್ಲಿಗಿ ಒಯ್ಲಿ ಹೇಳ್ರಿ? ಕೆಲಸಕ್ಕ ಒಯ್ದ್ರ ಅಲ್ಲೇ ಖಣಿ ಅದ, ಅದೇ ನೀರು ಅದ. ಮನ್ಯಾಗ ಯಾರೂ ಇಲ್ಲ. ಇದೊಂದೇ ಜಾಗಾ ಅದ್ರಿ ನನಗ." ಆಮೇಲೆ ನನ್ನತ್ತ ತಿರುಗಿದಳು. "ಮೊದಲ ಆ ನೀರು ಕತ್ತರ್ಸು."

ಕತ್ತರಿಸಿದೆ. ಅವಸರದಲ್ಲಿ ಅಂಚು ಸೊಟ್ಟಗಾಯಿತು. ಕೆಳಗರ್ಧ ಸುತ್ತಿ ಹೊರಗೆ ಎಸೆದೆ. ಲಕ್ಷ್ಮಿ ಬೆರಳಿಗೆ ಕಾಡಿಗೆ ತೆಗೆದುಕೊಂಡು ಚಿತ್ರದಲ್ಲಿದ್ದ ಮಗನ ಕೆನ್ನೆಗೆ ಒತ್ತಿದಳು. ಮಗ ಹೆಗಲ ಮೇಲಿಂದ ತನ್ನ ಕೆನ್ನೆ ತಾನೇ ಮುಟ್ಟಿ ನೋಡಿಕೊಂಡ. ಉಳಿದವರೂ ಒಬ್ಬೊಬ್ಬರಾಗಿ ವಾಪಸು ಬಂದರು, ಎಲ್ಲರೂ ಅದೇ ಅರ್ಧ ದಾರಿಯಿಂದ. ಡಬ್ಬಿ ಕೈಯಿಂದ ಕೈಗೆ ಹೋಯಿತು. ತಂತಮ್ಮ ಕೂಸಿನ ಮುಖ ಹುಡುಕಿ, ತಂತಮ್ಮ ಬೊಟ್ಟು. ಮೇಡಂ ಎದ್ದು ನಿಂತು ನೋಡುತ್ತಿದ್ದರು. ಯಾರೂ ಅವರಿಗೆ ಏನನ್ನೂ ವಿವರಿಸಲಿಲ್ಲ. ನನ್ನ ಕ್ಯಾಮೆರಾ ಚೀಲದಲ್ಲೇ ಇತ್ತು, ತೆಗೆಯಬೇಕು ಎಂದೂ ಅನಿಸಲಿಲ್ಲ.

ಎಲ್ಲ ಮುಗಿದ ಮೇಲೆ ನೋಡಿದರೆ ಫ್ಲೆಕ್ಸಿನಲ್ಲಿ ಗೌರಿಯ ಮುಖವೊಂದು ಬರಿದಾಗಿ ಉಳಿದಿತ್ತು. ಅವಳ ಬೊಟ್ಟು ಯಾವ ಕೆನ್ನೆಯಲ್ಲಿತ್ತು ಎಂದು ನೋಡಲು ಅಂಗಡಿಗೆ ಕಳಿಸಿದ್ದ ಮೂಲ ಫೋಟೋವನ್ನು ಫೋನಿನಲ್ಲಿ ತೆರೆದೆ. ಮಾದೇವಕ್ಕಾ, ಅದರಲ್ಲೂ ಬೊಟ್ಟಿರಲಿಲ್ಲ. ದೊಡ್ಡದು ಮಾಡಿ ನೋಡಿದೆ, ಎರಡೂ ಕೆನ್ನೆ ಬರಿದು. ಆ ಬಟನ್ನು ಅವಳ ಮುಖದಿಂದ ಏನನ್ನೂ ಅಳಿಸಿರಲಿಲ್ಲ. ಅಳಿಸಲು ಏನೂ ಇರಲಿಲ್ಲ. ಶರಣಪ್ಪಣ್ಣ ದಿನಾ ತಲೆ ಬಾಚುತ್ತಾನೆ, ಸೊಟ್ಟ ಜಡೆಯಾದರೂ ಹಾಕುತ್ತಾನೆ, ಮುಖ ತಿಕ್ಕಿ ತೊಳೆದು ಕಳಿಸುತ್ತಾನೆ. ಬೊಟ್ಟು ಇಡಬೇಕೆಂದು ಅವನಿಗೆ ಯಾರು ಹೇಳಬೇಕಿತ್ತು? ನೀನು ಹೋದಂದಿನಿಂದ ಆ ಕೂಸು ಬರಿ ಕೆನ್ನೆಯಲ್ಲಿ ನಮ್ಮ ನಡುವೆಯೇ ಓಡಾಡಿಕೊಂಡಿದೆ. ನಾನು ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಫೋಟೋ ತೆಗೆದವಳು, ನಾನೂ ಸಹ... 

ಲಕ್ಷ್ಮಿ ನನ್ನ ಹೆಗಲ ಮೇಲಿಂದ ಬಗ್ಗಿ ಫೋನು ನೋಡಿದಳು.  ಹೋಗಿ ಮೂಲೆಯಲ್ಲಿದ್ದ ಗೌರಿಯ ಕೆನ್ನೆಗೇ ಒಂದು ಬೊಟ್ಟು ಒತ್ತಿದಳು. ಅವಳ ಪಕ್ಕದವಳು ಬಂದು ಅದರ ಮೇಲೇ ಇನ್ನೊಂದು. ಹೀಗೆ ಅಲ್ಲಿದ್ದ ತಾಯಂದಿರೆಲ್ಲ ಮತ್ತೊಂದು ಸುತ್ತು ಬಂದರು, ಒಂದರ ಮೇಲೊಂದು ಒತ್ತಿ ಒತ್ತಿ ಆ ಕೆನ್ನೆ ಪೂರ್ತಿ ಕಪ್ಪಾಯಿತು. ಎಲ್ಲರ ಕೊನೆಗೆ ಸುನಂದಾ. "ನನಗ ಇದರಾಗ ನಂಬಿಕಿ ಇಲ್ಲ, ಗೊತ್ತದಲ್ಲ ನಿಮಗ. ಆದ್ರ..." ಎಂದು ಅವಳೂ ಬೆರಳು ಅದ್ದಿದಳು. ಮೇಡಂ ಕಿಟಕಿಯ ಕಡೆ ಮುಖ ಮಾಡಿ ಕನ್ನಡಕ ಒರೆಸುತ್ತಿದ್ದರು.

ಈಗ ಸುದ್ದಿ ಕೇಳು. ನಿನ್ನ ಬಾಲವಾಡಿಗೆ ಬೀಗ ಬೀಳುವುದಿಲ್ಲ, ಮೊನ್ನೆ ಅವರಿಂದ ಫೋನು ಬಂತು. ಹೊಸ ಫ್ಲೆಕ್ಸು ಮಾಡಿಸಬೇಡಿ, ಅದನ್ನೇ ಇಡಿ ಎಂದೂ ಹೇಳಿದರು. ಗೋಡೆಯ ಮೇಲೆ ಹಾಗೇ ಇದೆ, ಸೊಟ್ಟ ಅಂಚಿನ ಸಮೇತ. ಇನ್ನೊಂದು ಸುದ್ದಿ: ಶರಣಪ್ಪಣ್ಣ ಈಗ ಗೌರಿಯನ್ನು ಓಣಿಯ ಬಾಯಲ್ಲೇ ಬಿಟ್ಟು ಹೋಗಬೇಕಂತೆ, ಲಕ್ಷ್ಮಿಯ ಹುಕುಂ. ಅಲ್ಲಿಂದ ಬಾಲವಾಡಿಯ ತನಕ ಪ್ರತಿ ಬಾಗಿಲಲ್ಲೂ ಯಾರಾದರೂ ಅವಳನ್ನು ನಿಲ್ಲಿಸುತ್ತಾರೆ. ಒಳಗೆ ಬರುವಷ್ಟರಲ್ಲಿ ಹಣೆ, ಗದ್ದ, ಎರಡೂ ಕೆನ್ನೆ, ಎಲ್ಲ ಬೊಟ್ಟೇ. ನಿನ್ನೆ ಮುಖ ಊದಿಸಿಕೊಂಡು ನನ್ನ ಮುಂದೆ ನಿಂತಳು. "ನೀಲಾ ಚಿಗವ್ವ, ಎಲ್ಲಾರಿಗಿ ಒಂದೇ ಬೊಟ್ಟು ಅದ. ನನಗೇ ಯಾಕ ಇಷ್ಟು?"

 "ತಡಿ, ನಿಮ್ಮವ್ವಗ ಬರದು ಕೇಳ್ತೀನಿ" ಎಂದೆ. ಅದಕ್ಕೇ ಬರೆದೆ.

ನಿನ್ನ
ನೀಲಾ